ನಾಕ್‌ಗ್ಲೆನ್ನಿಗೆ ಹೋಗುವ ಸಂಜೆಯ ಬಸ್ಸು

ವಿಮರ್ಶೆ ಬರೆಯುವವರಿಗೆ ಒಂದು ದುರಭ್ಯಾಸವುಂಟು: ಜನ ಪ್ರೀತಿಯಿಂದ ಓದುವ ಪುಸ್ತಕವನ್ನು ತಾವು ಓದದೆಯೇ ತೂಗಿಬಿಡುವುದು. ಐರ್ಲೆಂಡಿನ ಹಳ್ಳಿಗಾಡಿನಲ್ಲಿ ನಡೆಯುವ ಪ್ರಣಯ ಕಾದಂಬರಿಗಳ ವಿಷಯದಲ್ಲಿ ನಾನೂ ಬಹುಕಾಲ ಹಾಗೆಯೇ ನಡೆದುಕೊಂಡೆ. ರಕ್ಷಾಪುಟದ ಮೇಲೆ ಹಸುರು ಗುಡ್ಡ, ಸುಣ್ಣ ಬಳಿದ ಮನೆ, ಅರ್ಧ ತೆರೆದ ಕೆಂಪು ಬಾಗಿಲು. ಇಷ್ಟನ್ನು ಕಂಡಮೇಲೆ ಒಳಗೆ ನೋಡತಕ್ಕದ್ದೇನಿದೆ ಎಂಬ ಭಾವನೆ. ಕಳೆದ ಮಳೆಗಾಲದಲ್ಲಿ ನನ್ನ ಅಕ್ಕ ಮೆಟ್ಟಿಲಿನಿಂದ ಜಾರಿಬಿದ್ದು ಕಾಲು ಮುರಿದುಕೊಂಡಳು. ಆರು ವಾರ ಹಾಸಿಗೆ. ಬಾಡಿಗೆ ಪುಸ್ತಕದ ಅಂಗಡಿಯಿಂದ ಅವಳು ಹೇಳಿದ ಕಾದಂಬರಿಗಳನ್ನು ಹೊತ್ತು ತರುವ ಕೆಲಸ ನನ್ನ ಪಾಲಿಗೆ ಬಂದಿತು. ಹೊತ್ತವನು ದಾರಿಯಲ್ಲಿ ನಾಲ್ಕು ಪುಟ ತಿರುವದೆ ಇರುತ್ತಾನೆಯೆ?

“ಇದರಲ್ಲಿ ಅಂಥದೇನಿದೆ, ಅಕ್ಕ?” ಎಂದು ಒಂದು ದಿನ ಕೇಳಿದೆ.

“ಅಂಥದೇನೂ ಇಲ್ಲ ಕಣೋ. ಈ ಊರಲ್ಲಿ ಯಾರಾದರೂ ಕಾಲು ಮುರಿದುಕೊಂಡರೆ ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತಾಗಿರುತ್ತೆ. ನಾನು ಬಿದ್ದದ್ದು ನಮ್ಮ ಮೇಲಿನ ಮನೆಯವರಿಗೆ ಗೊತ್ತಾದದ್ದು ಹದಿನೈದು ದಿನದ ಮೇಲೆ.”

ಈ ಬಗೆಯ ಕಾದಂಬರಿಗಳ ಆಕರ್ಷಣೆಯನ್ನು ಕುರಿತು ಇದಕ್ಕಿಂತ ಸರಿಯಾದ ಮಾತನ್ನು ನಾನು ಎಲ್ಲಿಯೂ ಓದಿಲ್ಲ. ಇವುಗಳಲ್ಲಿ ಪ್ರಣಯವು ಒಂದು ನೆಪ. ಓದುವವರು ಬಯಸುವುದು ನಾಯಕನ ತೋಳನ್ನಲ್ಲ, ತಮ್ಮನ್ನು ಬಲ್ಲ ಒಂದು ಊರನ್ನು. ಅಮೆರಿಕದ ಲೇಖಕಿ ನೋರಾ ರಾಬರ್ಟ್ಸ್ ೧೯೯೪ರಿಂದ ೧೯೯೬ರವರೆಗೆ ‘ಬಾರ್ನ್ ಇನ್ ಫೈರ್’, ‘ಬಾರ್ನ್ ಇನ್ ಐಸ್’, ‘ಬಾರ್ನ್ ಇನ್ ಷೇಮ್’ ಎಂಬ ಮೂರು ಕಾದಂಬರಿಗಳನ್ನು ಹೊರತಂದಳು. ಮೂರೂ ಐರ್ಲೆಂಡಿನ ಪಶ್ಚಿಮ ತೀರದ ಕ್ಲೇರ್ ಕೌಂಟಿಯವು. ಎರಡನೆಯದರ ನಾಯಕಿ ಬ್ರಿಯಾನಾ, ಪ್ರವಾಸಿಗಳಿಗೆ ರಾತ್ರಿ ಹಾಸಿಗೆ, ಬೆಳಿಗ್ಗೆ ತಿಂಡಿ ಒದಗಿಸುವ ಮನೆ ನಡೆಸುವವಳು. ಚಳಿಗಾಲದಲ್ಲಿ ಅಲ್ಲಿಗೆ ಅಮೆರಿಕದ ಒಬ್ಬ ಪತ್ತೇದಾರಿ ಕಾದಂಬರಿಕಾರ ಬರುತ್ತಾನೆ. ಅವನಿಗೆ ಸ್ವಂತ ಮನೆಯೆಂಬುದಿಲ್ಲ. ಓದುವವರೂ ಅವನ ಹಿಂದೆಯೇ ಆ ಮನೆಯೊಳಕ್ಕೆ ಕಾಲಿಡುತ್ತಾರೆ. ಒಲೆಯ ಬೆಂಕಿ, ಬಿಸಿ ಚಹ, ಆಗತಾನೆ ಬೆಂದ ರೊಟ್ಟಿ, ಶುಭ್ರವಾದ ಹಾಸು. ಪ್ರೀತಿ ಹುಟ್ಟುವುದು ಆಮೇಲೆ. ಮೊದಲು ಬಂದವನ ಚಳಿ ಬಿಡಬೇಕು. ನಿಜ ಹೇಳುವುದಾದರೆ, ಆ ಮನೆಯಲ್ಲಿ ಎರಡು ತಿಂಗಳು ಬಾಡಿಗೆಗಿರಲು ನಾನೂ ಸಿದ್ಧ.

ಆದರೆ ಅದೇ ಕಥೆಗಳಲ್ಲಿ ಬ್ರಿಯಾನಾಳ ತಂದೆತಾಯಿಗಳದು ಪ್ರೀತಿಯಿಲ್ಲದ ದಾಂಪತ್ಯ. ಇಬ್ಬರೂ ಒಂದೇ ಸೂರಿನಡಿಯಲ್ಲಿ ಬೆಂದವರು. ಐರ್ಲೆಂಡಿನ ೧೯೩೭ರ ರಾಜ್ಯಾಂಗ ವಿಚ್ಛೇದನವನ್ನು ನಿಷೇಧಿಸಿತ್ತು; ಆ ನಿಷೇಧ ಹೋದದ್ದು ೧೯೯೫ರ ಜನಮತಗಣನೆಯಿಂದ, ಅದೂ ಕೂದಲೆಳೆಯ ಬಹುಮತದಿಂದ. ರಾಬರ್ಟ್ಸಳ ಕಥೆಯಲ್ಲಿ ನಮಗೆ ಹೆಚ್ಚಾಗಿ ಕೇಳಿಸುವುದು ತಾಯಿಯ ಕಹಿ ನಾಲಗೆ. ಆ ನಾಲಗೆಯನ್ನು ಕಹಿ ಮಾಡಿದ ಕಾನೂನಿನ ಸದ್ದು ಅಷ್ಟಾಗಿ ಕೇಳಿಸುವುದಿಲ್ಲ. ಗುಡ್ಡ ಹಸುರಾಗಿಯೇ ಉಳಿಯುತ್ತದೆ.

ಇದೇ ಕ್ಲೇರ್ ಕೌಂಟಿಯಲ್ಲಿ ಹುಟ್ಟಿದವಳು ಎಡ್ನಾ ಓಬ್ರಯನ್. ೧೯೬೦ರಲ್ಲಿ ಆಕೆಯ ‘ದಿ ಕಂಟ್ರಿ ಗರ್ಲ್ಸ್’ ಪ್ರಕಟವಾಯಿತು. ಹಳ್ಳಿಯ ಇಬ್ಬರು ಹುಡುಗಿಯರು ಕನ್ಯಾಮಠದ ಶಾಲೆಯಿಂದ ಹೊರಬಿದ್ದು ಡಬ್ಲಿನ್ನಿಗೆ ಹೋಗುವ ಕಥೆ. ಸರ್ಕಾರ ಅದನ್ನು ನಿಷೇಧಿಸಿತು. ತನ್ನ ಊರಿನ ಪಾದ್ರಿ ಪ್ರತಿಗಳನ್ನು ಸುಟ್ಟನೆಂದು ಆಕೆಯೇ ಹೇಳಿಕೊಂಡಿದ್ದಾಳೆ. ಅದೇ ಮಳೆ, ಅದೇ ಗದ್ದೆಬಯಲು, ಅದೇ ನೆರೆಹೊರೆ. ಒಂದು ಪುಸ್ತಕ ಪ್ರವಾಸಿಗಳನ್ನು ಕೈಬೀಸಿ ಕರೆಯುತ್ತದೆ, ಇನ್ನೊಂದು ಬೆಂಕಿಗೆ ಹೋಗುತ್ತದೆ. ಸುಟ್ಟವರಿಗೆ ಸಿಟ್ಟು ಬಂದದ್ದು ಸುಳ್ಳಿಗಲ್ಲ. ೧೯೫೧ರಿಂದ ೧೯೬೧ರವರೆಗಿನ ಹತ್ತು ವರ್ಷಗಳಲ್ಲಿ, ಮೂವತ್ತು ಲಕ್ಷವೂ ಇಲ್ಲದ ಆ ದೇಶದಿಂದ ಹೊರಟುಹೋದವರು ಸುಮಾರು ೪ ಲಕ್ಷ ಮಂದಿ. ಹೊಟ್ಟೆಪಾಡಿಗೆ ಹೋದವರೇ ಹೆಚ್ಚು, ಸರಿ. ನಾಲ್ಕು ಜನರ ಕಣ್ಣು ತಪ್ಪಿಸಿಕೊಳ್ಳಲು ಹೋದವರೂ ಅವರಲ್ಲಿದ್ದರು.

ಹಾಗಾದರೆ ಹಿತವಾದ ಕಾದಂಬರಿ ಎಂದರೆ ಸುಳ್ಳು ಕಾದಂಬರಿಯೆ? ಹೌದೆಂದು ಬರೆದು ಮುಗಿಸುತ್ತಿದ್ದೆ, ಅಕ್ಕನ ದಿಂಬಿನ ಕೆಳಗೆ ಮೇವ್ ಬಿಂಚಿಯ ‘ಸರ್ಕಲ್ ಆಫ್ ಫ್ರೆಂಡ್ಸ್’ ಇಲ್ಲದಿದ್ದರೆ. ಬಿಂಚಿ ‘ಐರಿಷ್ ಟೈಮ್ಸ್’ ಪತ್ರಿಕೆಯಲ್ಲಿ ಪಳಗಿದ ಲೇಖನಿ, ತೀರಿಕೊಂಡದ್ದು ೨೦೧೨ರಲ್ಲಿ. ೧೯೯೦ರ ಈ ಕಾದಂಬರಿಯ ಊರು ನಾಕ್‌ಗ್ಲೆನ್, ಕಲ್ಪಿತ; ಕಾಲ ಬಹುಮಟ್ಟಿಗೆ ೧೯೫೭ರ ಸುಮಾರು. ಜವಳಿ ಅಂಗಡಿಯವನ ಒಬ್ಬಳೇ ಮಗಳು ಬೆನ್ನಿ, ದೊಡ್ಡ ಮೈಕಟ್ಟಿನ, ದೊಡ್ಡ ಮನಸ್ಸಿನ ಹುಡುಗಿ. ಡಬ್ಲಿನ್ನಿನ ಕಾಲೇಜಿಗೆ ಸೇರುತ್ತಾಳೆ. ಆದರೆ ಪ್ರತಿ ಸಂಜೆಯೂ ಊರಿನ ಬಸ್ಸು ಹಿಡಿದು ಮನೆಗೆ ಮರಳಬೇಕು. ಗೆಳತಿಯರು ಕುಣಿತಕ್ಕೆ ಹೊರಡುವ ಹೊತ್ತಿಗೆ ಅವಳು ಬಸ್ಸಿನಲ್ಲಿ. ಅವಳು ಒಲಿದ ಚೆಲುವ ಜ್ಯಾಕ್ ಸಂಜೆಯೆಲ್ಲ ಡಬ್ಲಿನ್ನಿನಲ್ಲಿ, ಅವಳು ಕಿಟಕಿಯ ಪಕ್ಕದಲ್ಲಿ. ಕೇಡು ಹುಟ್ಟುವುದು ಅಲ್ಲಿಂದಲೇ.

ಆ ಬಸ್ಸಿನಲ್ಲಿ ಬಿಂಚಿಯ ಜಾಣತನವೆಲ್ಲ ಇದೆ. ತಂದೆತಾಯಿಗಳು ದುಷ್ಟರಲ್ಲ, ಮಗಳ ಮೇಲೆ ಪ್ರಾಣವಿಟ್ಟವರು. ಪ್ರೀತಿಯೇ ಅವಳನ್ನು ಕಟ್ಟಿಹಾಕಿದೆ. ತಂದೆ ಹಠಾತ್ತನೆ ಸತ್ತಾಗ ಕೈಹಿಡಿಯುವುದೂ ಆ ಊರೇ, ಅಂಗಡಿಯಲ್ಲಿ ಹಣ ಕದ್ದು ಅವಳನ್ನು ಮದುವೆಯಾಗಲು ಹೊಂಚುಹಾಕಿದ ಗುಮಾಸ್ತನಿರುವುದೂ ಆ ಊರಿನಲ್ಲೇ. ಬಿಂಚಿ ಒಲೆಯ ಬೆಂಕಿಯನ್ನು ಆರಿಸುವುದಿಲ್ಲ. ಸೌದೆಗೆ ಎಷ್ಟು ಬೆಲೆ ಕೊಡಬೇಕಾಯಿತೆಂಬುದನ್ನೂ ಬಚ್ಚಿಡುವುದಿಲ್ಲ. ಅವಳ ಗದ್ಯ ಕೆಲವೆಡೆ ಅತಿ ಹರಟೆ, ನಿಜ. ನೂರು ಪುಟ ಕಡಿಮೆಯಾಗಿದ್ದರೆ ನಷ್ಟವಿರಲಿಲ್ಲ. ಆದರೂ ಕೊನೆಯಲ್ಲಿ ಜ್ಯಾಕ್ ಮರಳಿ ಬಂದಾಗ ಬೆನ್ನಿ ಅವನನ್ನು ಒಲ್ಲೆನೆನ್ನುತ್ತಾಳೆ. ೧೯೯೫ರ ಚಲನಚಿತ್ರದಲ್ಲಿ ಇಬ್ಬರನ್ನೂ ಕೂಡಿಸಿಬಿಟ್ಟರು! ಸಿನಿಮಾದವರಿಗೆ ಪ್ರಣಯವೇ ಮುಖ್ಯವೆಂದು ತೋರಿರಬೇಕು.

ಇದನ್ನು ಅಕ್ಕನಿಗೆ ಹೇಳಿದೆ. ಅವಳು ಬೇರೆಯೇ ಏನನ್ನೋ ಯೋಚಿಸುತ್ತಿದ್ದಳು.

“ನಾನು ಕಾಲೇಜಿಗೆ ಹೋಗುತ್ತಿದ್ದಾಗ ನಮ್ಮೂರಿನ ಬಸ್ಸು ಒಂದು ದಿನ ಕೆಟ್ಟು ನಿಂತಿತು. ನಾನು ಮನೆ ಸೇರುವುದಕ್ಕೆ ಮುಂಚೆಯೇ ಮೂವರು ಬಂದು ಅಪ್ಪನಿಗೆ ಏನೇನೋ ಹೇಳಿ ಹೋಗಿದ್ದರು. ಮಾರನೆಯ ದಿನದಿಂದ ಕಾಲೇಜು ನಿಂತುಹೋಯಿತು. ನೀನಾಗ ಚಿಕ್ಕವನು.”

ನನಗೆ ಇದು ತಿಳಿದಿರಲಿಲ್ಲ. ಅಕ್ಕನಿಗೆ ಓದಿನಲ್ಲಿ ಮನಸ್ಸಿರಲಿಲ್ಲವೆಂದೇ ಮನೆಯಲ್ಲಿ ಹೇಳುತ್ತಿದ್ದರು, ನಾನೂ ನಂಬಿದ್ದೆ. “ಅಂಥ ಊರಿನ ಕಥೆಯನ್ನೇ ಮತ್ತೆ ಮತ್ತೆ ಓದುತ್ತೀಯಲ್ಲ?” ಎಂದೆ.

“ಅಮ್ಮನಿಗೆ ಕಾಯಿಲೆಯಾದಾಗ ರಾತ್ರಿಯೆಲ್ಲ ಕೂತಿದ್ದವರೂ ಅವರೇ ಕಣೋ,” ಎಂದಳು.

ಈಗ ಅವಳು ಕೋಲು ಹಿಡಿದು ನಡೆಯುತ್ತಾಳೆ. ಅಂಗಡಿಗೆ ಹೋಗುವವನು ಮಾತ್ರ ಇನ್ನೂ ನಾನೇ. ಹೋದ ವಾರ ಬಿಂಚಿಯ ‘ದಿ ಲೈಲಾಕ್ ಬಸ್’ ತಂದೆ. ೧೯೮೪ರ ಪುಸ್ತಕ, ಶುಕ್ರವಾರ ಸಂಜೆ ಡಬ್ಲಿನ್ನಿನಿಂದ ತಮ್ಮ ಹಳ್ಳಿಗೆ ಮರಳುವವರ ಕಥೆಗಳು. ಅಕ್ಕನ ಕೈಗೆ ಕೊಡುವ ಮುನ್ನ ಮೊದಲ ಪ್ರಯಾಣಿಕಳ ಕಥೆಯನ್ನು ದಾರಿಯಲ್ಲೇ ಓದಿ ಮುಗಿಸಿದ್ದೆ.