ಸುಬೇದಾರನ ಮಗ ಕೇಳಿದ ಲೆಕ್ಕ

1951ರ ಅಕ್ಟೋಬರ್‌ನಲ್ಲಿ ಬಾಬಾಸಾಹೇಬರು ಹೊರಡಿಸಿದ ರಾಜೀನಾಮೆ ಹೇಳಿಕೆಯನ್ನು ನಮ್ಮ ಸಭೆಗಳಲ್ಲಿ ಅರ್ಧವೇ ಓದುತ್ತೇವೆ. ಹಿಂದೂ ಕೋಡ್ ಬಿಲ್ಲಿನ ಮಾತು ಬಂತೋ, ಚಪ್ಪಾಳೆ. ವಿದೇಶಾಂಗ ನೀತಿಯ ಮಾತು ಬಂತೋ, ಹಾಳೆ ತಿರುವಿ ಮುಂದಕ್ಕೆ. ಅದು ದಿಲ್ಲಿಯವರ ಕೆಲಸ, ಕೂಡ್ಲಿಗಿ, ಹಡಗಲಿ ಕೇರಿಗಳಿಗೆ ಅದರಿಂದ ಏನಾಗಬೇಕು ಅಂತ. ಜಾತಿ ಬಿಟ್ಟು ಬೇರೆ ಮಾತಾಡುವ ಅಪ್ಪಣೆ ನಮಗಿಲ್ಲ ಎಂದು ಮೇಲಿನವರು ತಿಳಿದದ್ದು ಸಾಲದೆ, ನಾವೂ ಹಾಗೇ ತಿಳಿದೆವೆ?

ಆ ಹಾಳೆಯಲ್ಲಿರುವುದು ಅನ್ನದ ಲೆಕ್ಕ. ವರ್ಷದ 350 ಕೋಟಿ ವರಮಾನದಲ್ಲಿ 180 ಕೋಟಿ ಸೈನ್ಯಕ್ಕೇ ಹೋಗುತ್ತದೆ, ಕಷ್ಟಕ್ಕಾಗುವ ಒಬ್ಬ ಗೆಳೆಯನನ್ನೂ ಉಳಿಸಿಕೊಳ್ಳದ ವಿದೇಶಾಂಗ ನೀತಿಯೇ ಇದಕ್ಕೆ ಕಾರಣ ಎಂಬುದು ಅವರ ವಾದ. ಸೈನ್ಯವನ್ನು ಹೀಗಳೆದ ಮಾತಲ್ಲ ಇದು. ಸುಬೇದಾರ್ ರಾಮಜಿಯ ಮಗ ಅವರು. 1890ರ ದಶಕದಲ್ಲಿ ಬ್ರಿಟಿಷರು ಮಹಾರರ ಭರ್ತಿ ನಿಲ್ಲಿಸಿದಾಗ, 'ವೀರ ಜಾತಿ' ಎಂಬ ಸುಳ್ಳು ಎಷ್ಟು ಒಲೆಗಳನ್ನು ಆರಿಸಿತೆಂದು ಬಲ್ಲವರು. 1941ರಲ್ಲಿ ಎದ್ದುನಿಂತ ಮಹಾರ್ ರೆಜಿಮೆಂಟಿಗಾಗಿ ಒತ್ತಾಯಿಸಿದವರು. ಬಂದೂಕು ಹಿಡಿಯುವ ಹಕ್ಕನ್ನೂ ಕೇಳಿದರು, ಬಂದೂಕಿಗೆ ಸುರಿಯುವ ದುಡ್ಡಿನ ಲೆಕ್ಕವನ್ನೂ ಕೇಳಿದರು.

1954ರಲ್ಲಿ ರಾಜ್ಯಸಭೆಯಲ್ಲಿ, ಮಾವೋಗೆ ಪಂಚಶೀಲದಲ್ಲಿ ನಂಬಿಕೆಯಿದ್ದಿದ್ದರೆ ತನ್ನ ದೇಶದ ಬೌದ್ಧರನ್ನು ಬೇರೆ ರೀತಿ ನಡೆಸಿಕೊಳ್ಳುತ್ತಿದ್ದ ಎಂದರು. 1962ರಲ್ಲಿ ಯುದ್ಧವೇ ಬಂತು. ಹಾಗಂತ ಎಲ್ಲಕ್ಕೂ ತಲೆದೂಗಲು ನಾವು ಭಕ್ತರಲ್ಲ. ಕಾಶ್ಮೀರವನ್ನು ಧರ್ಮದ ಗೆರೆ ಎಳೆದು ಹಂಚಬಹುದೆಂಬ ಅವರ ಸಲಹೆ ನಮಗೆ ಒಪ್ಪಿಗೆಯಿಲ್ಲ. ಗೆರೆ ಎಳೆದರೆ ಯಾರು ಒಕ್ಕಲೇಳುತ್ತಾರೆಂದು ಪೂರ್ವ ಬಂಗಾಳದ ನಾಮಶೂದ್ರರನ್ನು ಕೇಳಬೇಕು.

ಇನ್ನು ನಮ್ಮೂರು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ರಸ್ತೆಗಳಲ್ಲಿ ನಸುಕಿನಾಗೆ ಹುಡುಗರು ಓಡ್ತಾರೆ, ಮಿಲ್ಟ್ರಿ ಸೇರಬೇಕಂತ. 2022ರಲ್ಲಿ ಬಂದ ಅಗ್ನಿಪಥದ ನಿಯಮದಂತೆ ನೌಕರಿ 4 ವರ್ಷ. ಆಮೇಲೆ ನೂರಕ್ಕೆ 25 ಮಂದಿಯ ತನಕ ಉಳಿಸಿಕೊಂಡು, ಮಿಕ್ಕವರ ಕೈಗೊಂದು ಇಡಿಗಂಟು ಕೊಟ್ಟು ಕಳಿಸುವುದು. ಪಿಂಚಣಿ ಇಲ್ಲ. ಯುದ್ಧದ ಕಸುಬು ಕೈಗೆ ಹತ್ತಲು ಇಷ್ಟು ಸಾಕೇ ಎಂದು ನಿವೃತ್ತ ಸೇನಾಧಿಕಾರಿಗಳೇ ಕೇಳಿದ್ದಾರೆ. ಪಿಂಚಣಿ ಉಳಿಸುವ ಲೆಕ್ಕವನ್ನು ದೇಶಭಕ್ತಿ ಅಂತ ಕರೆದರೆ ನಾವು ಒಪ್ಪಬೇಕೇನು? ಗಡಿ ಕಾಯಲು ಹೋಗುವವನು ಬಡವನ ಮಗ. ಆ ಗಡಿಯಾಚೆಯವರೊಂದಿಗೆ ಜಗಳವೋ ಮಾತುಕತೆಯೋ ಎಂದು ತೀರ್ಮಾನಿಸುವ ಕೋಣೆಯೊಳಗೆ ಅವನಪ್ಪನಿಗೆ ಜಾಗವಿಲ್ಲ.

ನಮ್ಮ ಕೇರಿಯ ಅಜ್ಜಿಯೊಬ್ಬಳು ಮೊಮ್ಮಗನಿಗೆ ಅಂದಳು: "ನಾಕ್ ವರ್ಷ ಆದಮ್ಯಾಲ ಎಲ್ಲಿಗೆ ಬರ್ತೀಯಪ್ಪಾ, ಮತ್ತ ಗೌಡ್ರ ಹೊಲಕ್ಕೇ ಏನು?" ವಿದೇಶಾಂಗ ನೀತಿಯ ಚರ್ಚೆ ಇಲ್ಲಿಂದಲೂ ಶುರುವಾಗಬಹುದು.

ಮುಂದಿನ ಅಧ್ಯಯನ ಶಿಬಿರದಲ್ಲಿ ಆ ಬಿಟ್ಟ ಹಾಳೆಗಳನ್ನೇ ಮೊದಲು ಓದೋಣ. ಓಡುವ ಹುಡುಗರನ್ನೂ ಕರಕೊಂಡು ಬನ್ನಿ.