ಬೇಲಿಯ ಹೂ, ಅಂಗಡಿಯ ಸಕ್ಕರೆ: ಎಲ್ಡರ್ ಕಾರ್ಡಿಯಲ್

ಎಲ್ಡರ್ ಇಂಗ್ಲೆಂಡಿನ ಬೇಲಿಸಾಲುಗಳಲ್ಲಿ, ರೈಲುಹಳಿಯ ಬದಿಯಲ್ಲಿ, ಪಾಳುಬಿದ್ದ ಮನೆಗಳ ಹಿತ್ತಲಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಪೊದೆಮರ. ಸಾರಜನಕ ತುಂಬಿದ ಮಣ್ಣೆಂದರೆ ಇದಕ್ಕೆ ಇಷ್ಟ. ಮೊಲದ ಬಿಲಗಳ ಸುತ್ತ, ಹಳೆಯ ಕೊಟ್ಟಿಗೆಗಳ ಹಿಂದೆ ಸೊಂಪಾಗಿ ನಿಂತಿರುವುದು ಅದಕ್ಕೇ. ಬೇರೆ ಕಾಲದಲ್ಲಿ ಇದರತ್ತ ತಿರುಗಿ ನೋಡುವವರು ಕಡಿಮೆ. ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಕೆನೆಬಣ್ಣದ ಚಪ್ಪಟೆ ಗೊಂಚಲುಗಳು ಬಿಟ್ಟಾಗ ಮಾತ್ರ ಜನ ಬುಟ್ಟಿ, ಕತ್ತರಿ ಹಿಡಿದು, ಬಹಳ ಸಲ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೊರಡುತ್ತಾರೆ. ಹೂವನ್ನು ಸಕ್ಕರೆಪಾಕದಲ್ಲಿ ನೆನೆಹಾಕಿ, ನಿಂಬೆ ಸೇರಿಸಿ, ಸೋಸಿ ಬಾಟಲಿಗೆ ತುಂಬಿದರೆ ಕಾರ್ಡಿಯಲ್ ಆಯಿತು: ನೀರು ಬೆರೆಸಿ ಕುಡಿಯುವ ಮಂದ ಶರಬತ್ತು.

ಈ ರೂಢಿಗೆ ಸಿಗುವ ದೊಡ್ಡ ಹೊಗಳಿಕೆ, ಇದು ಪುಕ್ಕಟೆ ಎಂಬುದು. ಕಾಡುಮೇಡಿನ ತಿನಿಸು ಹುಡುಕುವ ಹವ್ಯಾಸಕ್ಕೆ ಬ್ರಿಟನ್ನಿನಲ್ಲಿ ಮತ್ತೆ ಜೀವ ತುಂಬಿದ ರಿಚರ್ಡ್ ಮೇಬಿಯವರ 1972ರ ಪುಸ್ತಕದ ಹೆಸರೇ ‘ಫುಡ್ ಫಾರ್ ಫ್ರೀ’. ಕಾರ್ಡಿಯಲ್ ಮಟ್ಟಿಗೆ ಈ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಮನೆಗಳಲ್ಲಿ ಬಳಸುವ ಅಳತೆ ಹೆಚ್ಚುಕಡಿಮೆ ಹೀಗಿರುತ್ತದೆ: 25 ಗೊಂಚಲು ಹೂ, ಒಂದೂವರೆ ಲೀಟರ್ ನೀರು, ಒಂದೂವರೆ ಕಿಲೋ ಸಕ್ಕರೆ, ಮೂರು ನಿಂಬೆ, 50 ಗ್ರಾಂ ಸಿಟ್ರಿಕ್ ಆಮ್ಲ. ಹೂವೂ ನೀರೂ ಬಿಟ್ಟರೆ ಉಳಿದದ್ದೆಲ್ಲ ಅಂಗಡಿಯದು. ನಿಂಬೆ ಬೆಚ್ಚನೆಯ ದೇಶಗಳಿಂದ ಬರಬೇಕು. ಕಿರಾಣಿ ಅಂಗಡಿಯ ಮಾತಿನಲ್ಲಿ ನಿಂಬೆಉಪ್ಪು ಎನಿಸಿಕೊಳ್ಳುವ ಸಿಟ್ರಿಕ್ ಆಮ್ಲ ಹೆಸರಿಗಷ್ಟೇ ನಿಂಬೆಯದು. ಕಾರ್ಖಾನೆಗಳಲ್ಲಿ ಅದನ್ನು ತಯಾರಿಸುವುದು ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟಿನಿಂದ. ಅದನ್ನು ಕೊಳ್ಳುವುದೂ ಬ್ರಿಟನ್ನಿನಲ್ಲಿ ಅಷ್ಟು ಸಲೀಸಲ್ಲ. ಹೆರಾಯಿನ್ ಕರಗಿಸಲು ವ್ಯಸನಿಗಳು ಬಳಸುವುದು ಇದನ್ನೇ ಆದ್ದರಿಂದ, ಔಷಧಿ ಅಂಗಡಿಯಲ್ಲಿ ನಾಲ್ಕು ಪೊಟ್ಟಣ ಒಟ್ಟಿಗೆ ಕೇಳಿದವರನ್ನು ಮೇಲಿಂದ ಕೆಳಗೆ ನೋಡುವುದುಂಟು.

ಆರೋಗ್ಯಕ್ಕೆ ಒಳ್ಳೆಯದು ಎಂಬ ಇನ್ನೊಂದು ಹೊಗಳಿಕೆಯ ಹಣೆಬರಹವೂ ಇಷ್ಟೇ. ಮೇಲಿನ ಅಳತೆಯ ಪಾಕದಲ್ಲಿ ತೂಕದ ಅರ್ಧದಷ್ಟು ಸಕ್ಕರೆಯೇ. ಒಂದು ಪಾಲಿಗೆ ಆರು ಪಾಲು ನೀರು ಬೆರೆಸಿದರೂ 200 ಮಿಲಿಲೀಟರ್ ಲೋಟದಲ್ಲಿ 17–18 ಗ್ರಾಂ, ಎಂದರೆ ನಾಲ್ಕು ಚಹಾ ಚಮಚದಷ್ಟು ಸಕ್ಕರೆ ಉಳಿಯುತ್ತದೆ. ಕೋಲಾಕ್ಕಿಂತ ಕೊಂಚ ಕಡಿಮೆ, ಅಷ್ಟೆ. ಯುರೋಪಿನಲ್ಲಿ ನೆಗಡಿ, ಜ್ವರಕ್ಕೆ ಎಲ್ಡರ್ ಹೂವಿನ ಕಷಾಯ ಕುಡಿಯುವ ಹಳೆಯ ರೂಢಿ ಇದೆ ನಿಜ. ಕಷಾಯದ ಹೆಸರನ್ನು ಸಿಹಿಪಾಕದ ತಲೆಗೆ ಕಟ್ಟುವುದು ಸರಿಯಲ್ಲ.

ಕಾರ್ಡಿಯಲ್ಲಿನ ಹೆಚ್ಚುಗಾರಿಕೆ ಇರುವುದು ಅದರ ಪರಿಮಳದಲ್ಲಿ. ಈ ಹೂವಿನಲ್ಲಿ ಲಿನಲೂಲ್, ರೋಸ್ ಆಕ್ಸೈಡ್ ಮೊದಲಾದ ಸುವಾಸನೆಯ ಅಂಶಗಳಿವೆ. ರೋಸ್ ಆಕ್ಸೈಡ್ ಲಿಚಿ ಹಣ್ಣಿನಲ್ಲೂ ಇರುವುದರಿಂದ, ಎಲ್ಡರನ್ನು ಕಂಡೇ ಇಲ್ಲದ ಓದುಗರು ಲಿಚಿಗೆ ನಿಂಬೆಸಿಪ್ಪೆ ತೇಯ್ದ ಹಾಗೆ ಎಂದು ಊಹಿಸಿಕೊಳ್ಳಬಹುದು. ಇವೆಲ್ಲ ಬೇಗ ಆವಿಯಾಗಿ ಹೋಗುವಂಥವು. ಬಿಸಿಲೇರಿ ಇಬ್ಬನಿ ಆರಿದ ಹೊತ್ತಿನಲ್ಲಿ, ಗೊಂಚಲಿನ ಹೆಚ್ಚಿನ ಮೊಗ್ಗು ಅರಳಿ ನಡುವೆ ಒಂದಿಷ್ಟು ಇನ್ನೂ ಬಿರಿಯದೆ ಹಸಿರು ಗುಂಡುಸೂಜಿತಲೆಯಂತೆ ಉಳಿದಿರುವಾಗ ಕೊಯ್ದದ್ದೇ ಒಳ್ಳೆಯದು. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಹಳದಿ ಪರಾಗ ಅಂಗೈಗೆ ಉದುರಬೇಕು. ಎಸಳಿನ ಅಂಚು ಕಂದಿದ ಹೂ ಬುಟ್ಟಿಗೆ ಬಿತ್ತೆಂದರೆ ಬೆಕ್ಕು ಉಚ್ಚೆ ಹೊಯ್ದ ವಾಸನೆ ಪಾಕಕ್ಕೆಲ್ಲ ಹತ್ತುತ್ತದೆ. ಅದನ್ನು ಎಷ್ಟು ನಿಂಬೆ ಹಿಂಡಿದರೂ ಮುಚ್ಚಲಾಗದು.

ಹೂ ಕೊಯ್ಯಲು ಕರೆದೊಯ್ಯುವ ಜೊತೆಗಾರರ ಪ್ರಯೋಜನ ಬರೀ ಹರಟೆಗೆ ಅಲ್ಲ. ಒಳ್ಳೆಯ ಗೊಂಚಲುಗಳು ಬಿಸಿಲು ಬೀಳುವ ಮೇಲ್ಗೊಂಬೆಗಳಲ್ಲಿರುತ್ತವೆ. ಎಲ್ಡರಿನ ಎಳೆಯ ಕೊಂಬೆಯೊಳಗೆ ಬೆಂಡು ತುಂಬಿರುತ್ತದೆ, ಜಗ್ಗಿದರೆ ಲಟಕ್ಕನೆ ಮುರಿಯುತ್ತದೆ. ಒಬ್ಬರು ಊರುಗೋಲಿನ ಕೊಕ್ಕೆಯಿಂದ ಕೊಂಬೆಯನ್ನು ನಿಧಾನವಾಗಿ ಬಗ್ಗಿಸಿ ಹಿಡಿದರೆ ಇನ್ನೊಬ್ಬರು ಕತ್ತರಿ ಹಾಕಬಹುದು. ಹತ್ತಾರು ಗೊಂಚಲು ಮೂಸಿದ ಮೂಗು ಜಡವಾಗಿರುತ್ತದೆ, ಆಗ ಎರಡನೆಯ ಮೂಗು ಬೇಕು. ಮನೆಗೆ ಬಂದ ಮೇಲೆ ಹಸಿರು ತೊಟ್ಟುಗಳಿಂದ ಹೂ ಬಿಡಿಸುವ ಕೆಲಸವಂತೂ ಒಬ್ಬರೇ ಕೂತರೆ ಬೇಸರ ತರಿಸುತ್ತದೆ. ಅವಸರಕ್ಕೆ ಬಿದ್ದವರು ತೊಟ್ಟಿನ ಸಮೇತ ಪಾತ್ರೆಗೆ ಹಾಕಿಬಿಡುತ್ತಾರೆ.

ಆ ಅವಸರ ಒಳ್ಳೆಯದಲ್ಲ. ಎಲ್ಡರಿನ ಎಲೆ, ಕಾಂಡ, ಹಸಿ ಕಾಯಿಗಳಲ್ಲಿ ಸಾಂಬುನಿಗ್ರಿನ್ ಎಂಬ, ಸೈನೈಡ್ ಬಿಡುವ ಅಂಶವಿದೆ. ನಾಲ್ಕು ಎಳೆಯ ತೊಟ್ಟು ಉಳಿದರೆ ಗಾಬರಿಪಡಬೇಕಿಲ್ಲ, ಆದರೆ ದಪ್ಪ ತೊಟ್ಟುಗಳನ್ನು ತೆಗೆಯಲೇಬೇಕು. ರುಚಿಗೂ ಅದೇ ಲೇಸು, ಕಹಿ ಬರುವುದು ಅಲ್ಲಿಂದಲೇ. ಹೆಮ್ಲಾಕ್‌ನಂಥ ವಿಷಗಿಡಗಳೂ ಇದೇ ಕಾಲದಲ್ಲಿ ಬಿಳಿ ಛತ್ರಿಯಂಥ ಹೂ ಬಿಡುತ್ತವೆ. ಅವೆಲ್ಲ ಮೆದು ಕಾಂಡದವು. ಎಲ್ಡರಿಗೆ ಬಿರುಕುಬಿಟ್ಟ ತೊಗಟೆಯ ಗಟ್ಟಿ ಮರವಿರುತ್ತದೆ. ಎಲೆ ಎದುರುಬದುರಾಗಿ ಹುಟ್ಟಿ, ಒಂದೊಂದರಲ್ಲಿ ಐದೋ ಏಳೋ ಕಿರುಎಲೆಗಳಿರುತ್ತವೆ.

ಅಡುಗೆ ಪುಸ್ತಕಗಳ ವಿಧಾನದಲ್ಲೂ ಹುಳುಕಿದೆ. ‘25 ಗೊಂಚಲು’ ಎಂಬುದು ಅಳತೆಯೇ ಅಲ್ಲ: ಒಂದು ಗೊಂಚಲು 10 ಸೆಂಟಿಮೀಟರ್ ಅಗಲವಿದ್ದರೆ ಇನ್ನೊಂದು 20 ಇರುತ್ತದೆ, ಹೂವಿನ ಲೆಕ್ಕದಲ್ಲಿ ನಾಲ್ಕು ಪಟ್ಟು ಅಂತರ. ತೊಟ್ಟು ಬಿಡಿಸಿದ ಹೂವನ್ನು ತೂಗಿ ಹೇಳುವುದು ಯಾರಿಗೂ ಕಷ್ಟವಲ್ಲ. ಹೂ ತೊಳೆಯಿರಿ ಎನ್ನುವವರು ಪರಾಗವನ್ನು, ಅದರ ಜೊತೆಗೆ ಪರಿಮಳವನ್ನೂ ಬಚ್ಚಲಿಗೆ ಬಿಡುತ್ತಾರೆ. ಬಿಳಿ ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿಟ್ಟರೆ ಹುಳಗಳು ತಾವೇ ಹೊರಟುಹೋಗುತ್ತವೆ. ಕುದಿಯುವ ಪಾಕ ಸುರಿಯುವ ಕ್ರಮದಲ್ಲಿ ಹೂ ಬೆಂದು, ಬೇಯಿಸಿದ ಸೊಪ್ಪಿನ ಛಾಯೆ ಬರುತ್ತದೆ. ಪಾಕ ಉಗುರುಬೆಚ್ಚಗಾದ ಮೇಲೆ ಹೂ ಹಾಕಿ, ಮುಚ್ಚಿ, ಒಂದು ರಾತ್ರಿ ಬಿಟ್ಟು ತೆಳು ಬಟ್ಟೆಯಲ್ಲಿ ಹಿಂಡದೆ ಸೋಸಿದ್ದು ಇದಕ್ಕಿಂತ ಎಷ್ಟೋ ಮೇಲು. ನಿಂಬೆ ಐದಾರಕ್ಕೆ ಏರಿದರೆ ಕೊನೆಗೆ ಉಳಿಯುವುದು ನಿಂಬೆ ಶರಬತ್ತು.

ಹಾಗೆಂದು ಹುಳಿಯನ್ನು ಬಿಡುವಂತೆಯೂ ಇಲ್ಲ. ಕರಾವಳಿ, ಮಲೆನಾಡಿನ ಪುನರ್ಪುಳಿ ಪಾಕದಲ್ಲಿ ಬಣ್ಣ, ಹುಳಿ ಎರಡೂ ಹಣ್ಣಿನ ಸಿಪ್ಪೆಯದ್ದೇ. ಸಕ್ಕರೆ ಒಂದು ಹಾಕಿದರೆ ಸಾಕು. ಎಲ್ಡರ್ ಹೂವಿಗೆ ಸ್ವಂತದ ಹುಳಿಯಿಲ್ಲ, ಬಣ್ಣವೂ ಇಲ್ಲವೆನ್ನುವಷ್ಟು ಕಡಿಮೆ. ರುಚಿಯ ಮೈಕಟ್ಟೆಲ್ಲ ಎರವಲು. ಬರೀ ಸಕ್ಕರೆಪಾಕದಲ್ಲಿ ನೆನೆಸಿದ್ದನ್ನು ಕುಡಿದರೆ ಸೋಪಿನ ನೀರಿನ ನೆನಪಾಗುತ್ತದೆ.

ಅಂಗಡಿಯ ಬಾಟಲಿಯೂ ಕಳಪೆಯಲ್ಲ. ಬೆಲ್ವುವಾರ್ ಎಂದು ಬರೆದು ಬೀವರ್ ಎಂದು ಓದುವ ಹೆಸರಿನ ಕಂಪನಿ 1984ರಲ್ಲಿ ಎಲ್ಡರ್ ಕಾರ್ಡಿಯಲ್ ಮಾರಲು ಆರಂಭಿಸಿತು; ಮುಂದೆ ಈ ರುಚಿ ಸೂಪರ್‌ಮಾರ್ಕೆಟ್ಟುಗಳಿಗೆ ಹರಡಿತು. 2018ರಲ್ಲಿ ರಾಜಕುಮಾರ ಹ್ಯಾರಿ ಮತ್ತು ಮೇಗನ್ ಮದುವೆಯ ಕೇಕಿಗೂ ನಿಂಬೆಯ ಜೊತೆ ಎಲ್ಡರ್ ಹೂವಿನ ರುಚಿಯನ್ನೇ ಆರಿಸಿದರು. ಕಂಪನಿಯ ಮಾಲು ವರ್ಷವಿಡೀ ಒಂದೇ ರುಚಿಯದು. ಮನೆಯದು ಮರದಿಂದ ಮರಕ್ಕೆ ಬದಲಾಗುತ್ತದೆ: ಒಂದರದ್ದು ಜೇನಿನಂತೆ, ಪಕ್ಕದ್ದರದ್ದು ಹುಲ್ಲಿನಂತೆ. ಕೆಲವು ವರ್ಷ ಕೊಯ್ದವರು ಒಳ್ಳೆಯ ಮರ ಯಾವುದೆಂದು ಗುರುತಿಟ್ಟುಕೊಂಡಿರುತ್ತಾರೆ, ಸುಲಭಕ್ಕೆ ಹೇಳುವುದಿಲ್ಲ.

ಇಂಗ್ಲೆಂಡ್, ವೇಲ್ಸ್‌ಗಳ 1968ರ ಕಳ್ಳತನ ಕಾಯಿದೆ ಪರರ ಜಾಗದಲ್ಲಿ ಹೂ ಕೊಯ್ಯುವ ವಿಷಯದಲ್ಲಿ ಉದಾರಿ. ತಾನಾಗಿ ಬೆಳೆದ ಗಿಡದಿಂದ ಹೂ, ಹಣ್ಣು, ಎಲೆ ಕೊಯ್ಯುವುದು, ಮಾರಾಟದ ಉದ್ದೇಶವಿಲ್ಲದಿದ್ದರೆ, ಕಳ್ಳತನವಲ್ಲ. ಡೆನ್ಮಾರ್ಕಿನ ಜನಪದ ನಂಬಿಕೆ ಇದಕ್ಕಿಂತ ಬಿಗಿ: ಮರದಲ್ಲಿ ಎಲ್ಡರಮ್ಮ ವಾಸವಾಗಿದ್ದಾಳೆ, ಅವಳನ್ನು ಕೇಳದೆ ಕೊಂಬೆ ಕಡಿಯಕೂಡದು. ಕಾಯಿದೆ, ನಂಬಿಕೆ ಏನೇ ಹೇಳಲಿ, ಕೊಯ್ದ ಪ್ರತಿ ಗೊಂಚಲೂ ಆಗಸ್ಟ್, ಸೆಪ್ಟೆಂಬರಿನಲ್ಲಿ ಹಕ್ಕಿಗಳ ಪಾಲಿಗೆ ಬರಬೇಕಿದ್ದ ಕಪ್ಪು ಹಣ್ಣಿನ ಗೊಂಚಲು. ಒಂದೇ ಮರವನ್ನು ಬೋಳಿಸದೆ ಹತ್ತು ಮರಗಳಿಂದ ಎರಡೆರಡು ಕೊಯ್ಯುವುದು ಮೇಲು.

ಬಿಸಿನೀರಲ್ಲಿ ಕುದಿಸಿ ತೆಗೆದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಕಾರ್ಡಿಯಲ್ ಐದಾರು ವಾರ ಬಾಳುತ್ತದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಮೇಲೆ ಒಂದಿಷ್ಟು ಜಾಗ ಬಿಟ್ಟು ಫ್ರೀಜರಿಗೆ ಹಾಕಿದರೆ ಚಳಿಗಾಲಕ್ಕೂ ಸಿಗುತ್ತದೆ. ಸಕ್ಕರೆ ಕಡಿಮೆಯಾದರೆ ಹೂವಿನ ಮೇಲೇ ಇರುವ ಕಾಡು ಯೀಸ್ಟ್ ಕೆಲಸ ಶುರುಮಾಡುತ್ತದೆ. ಬೇಕೆಂದೇ ಹಾಗೆ ಹುಳಿಬರಿಸಿದ ನೊರೆನೊರೆ ಪಾನೀಯಕ್ಕೆ ಇಂಗ್ಲೆಂಡಿನಲ್ಲಿ ‘ಎಲ್ಡರ್‌ಫ್ಲವರ್ ಷಾಂಪೇನ್’ ಎಂದು ಹೆಸರು. ಸರ್ರೆಯ ಒಂದು ದ್ರಾಕ್ಷಿತೋಟ ಅದೇ ಹೆಸರಿನಲ್ಲಿ, ಮದ್ಯವಿಲ್ಲದ ಪಾನೀಯವೊಂದನ್ನು ತಂತಿ ಕಟ್ಟಿದ ಬಿರಡೆಯ ಬಾಟಲಿಯಲ್ಲಿ 2.45 ಪೌಂಡಿಗೆ ಮಾರಿದಾಗ ಫ್ರಾನ್ಸಿನ ತೈತಾಂಜೆ ಎಂಬ ಷಾಂಪೇನ್ ಕಂಪನಿ ಕೋರ್ಟು ಹತ್ತಿತು. ಕೆಳಗಿನ ಕೋರ್ಟಿನಲ್ಲಿ ಗೆದ್ದ ತೋಟದವರು 1993ರಲ್ಲಿ ಮೇಲ್ಮನವಿಯಲ್ಲಿ ಸೋತು ಆ ಹೆಸರು ಬಿಡಬೇಕಾಯಿತು. ಮನೆಯಲ್ಲಿ ಮಾಡುವವರು ಈಗಲೂ ಷಾಂಪೇನ್ ಎಂದೇ ಕರೆಯುತ್ತಾರೆ. ಬಾಟಲಿ ಒಡೆದು ಗಾಜು ಸಿಡಿಯುವ ಭಯಕ್ಕೆ ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಕಂಬಳಿ ಹೊದಿಸಿ ಇಡುತ್ತಾರೆ.