ದೂರದರ್ಶನದ ಪ್ರಹಸನದಲ್ಲಿ ಅಸತ್ಪ್ರಲಾಪ

ಹಾಸ್ಯರಸದ ವಿಭಾವಗಳನ್ನು ಎಣಿಸುವಾಗ ಭರತಮುನಿಯು ವಿಕೃತವೇಷ, ಧಾರ್ಷ್ಟ್ಯ, ಲೌಲ್ಯ ಮೊದಲಾದವುಗಳೊಡನೆ ಅಸತ್ಪ್ರಲಾಪವನ್ನೂ ಸೇರಿಸಿದ್ದಾನೆ. ತಲೆಬುಡವಿಲ್ಲದ ಮಾತು ನಗೆಗೆ ಕಾರಣವಾಗುವುದೆಂದು ಒಪ್ಪಲು ಅವನಿಗೆ ಸಂಕೋಚವಿರಲಿಲ್ಲ. ಆದರೆ ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯ ನಗೆಗಳನ್ನು ವಿಂಗಡಿಸುವಾಗ, ಕಣ್ಣೀರು ಸುರಿಯುವಂತೆ, ಪಕ್ಕೆ ಹಿಡಿದುಕೊಳ್ಳುವಂತೆ ನಗುವ ಕೊನೆಯ ಎರಡನ್ನು ಅಧಮಪ್ರಕೃತಿಯವರ ಪಾಲಿಗೆ ಬಿಟ್ಟನು. ಓದುಬರಹ ಬಲ್ಲವರ ಮನೆಗಳಲ್ಲಿ ಮೊದಲನೆಯ ಮಾತು ಮರೆತುಹೋಗಿ ಎರಡನೆಯದು ಮಾತ್ರ ಉಳಿದಂತೆ ಕಾಣುತ್ತದೆ. ದೂರದರ್ಶನದಲ್ಲಿ ಅರ್ಥವಿಲ್ಲದ ಕುಣಿದಾಟ ಬಂದೊಡನೆ ಹಿರಿಯರು “ಇದೇನು ಹುಚ್ಚಾಟ” ಎಂದು ಎದ್ದುಹೋಗುವರು; “ನಗು ಬಂದರೆ ಸಾಲದೆ, ಅರ್ಥವೇತಕ್ಕೆ?” ಎಂದು ಕಿರಿಯರು ವಾದಿಸುವರು. ಎರಡು ಪಕ್ಷದವರೂ ಆ ಹುಚ್ಚಾಟವನ್ನು ಪರೀಕ್ಷಿಸಿ ನೋಡುವ ಶ್ರಮವನ್ನು ತೆಗೆದುಕೊಂಡಿಲ್ಲ.

ಆಡುಮಾತಿನಲ್ಲಿ ‘ಸಿಟ್‌ಕಾಮ್’ ಎಂದು ಕರೆಯಲ್ಪಡುವ ಸನ್ನಿವೇಶಪ್ರಹಸನವು ಸುಮಾರು ಅರ್ಧ ಗಂಟೆಯ ರೂಪಕ. ವಾರವಾರವೂ ಅದೇ ಮನೆ, ಅದೇ ಜನ. ನಡುವೆ ಎಂಥ ಗೊಂದಲ ನಡೆದರೂ ಕೊನೆಯಲ್ಲಿ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುವುದು ವಾಡಿಕೆ. ಮುಂದಿನ ವಾರ ಪ್ರೇಕ್ಷಕನು ಬಂದಾಗ ಆ ಮನೆ ಅಲ್ಲಿಯೇ ಇರಬೇಕಷ್ಟೆ. ಸ್ಥೈರ್ಯವೇ ಈ ಪ್ರಕಾರದ ಧರ್ಮ. ಅರಾಜಕಹಾಸ್ಯಕ್ಕಾದರೋ ಕಟ್ಟನ್ನು ಮುರಿಯುವುದೇ ಧರ್ಮ. ಮನೆಯನ್ನು ನಿಲ್ಲಿಸಬೇಕಾದ ರೂಪಕದೊಳಗೆ ಮನೆಯನ್ನು ಕೆಡಹುವ ಹಾಸ್ಯವು ಬಾಳಬಲ್ಲದೆ? ಇದನ್ನು ಶಾಸ್ತ್ರವಾಕ್ಯದಿಂದ ತೀರ್ಮಾನಿಸುವುದಕ್ಕಿಂತ ಒಂದು ಲಕ್ಷ್ಯವನ್ನು ಹಿಡಿದು ನೋಡುವುದು ಲೇಸು.

ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯ ಎರಡನೆಯ ವಾಹಿನಿಯಲ್ಲಿ 1982ರ ನವೆಂಬರಿನಿಂದ 1984ರ ಜೂನಿನವರೆಗೆ, ಎರಡು ಸರಣಿಗಳಾಗಿ, ಒಟ್ಟು 12 ಕಂತುಗಳಲ್ಲಿ ಬಂದ ‘ದಿ ಯಂಗ್ ಒನ್ಸ್’ ಇದಕ್ಕೆ ತಕ್ಕ ಲಕ್ಷ್ಯ. ಬೆನ್ ಎಲ್ಟನ್, ರಿಕ್ ಮೇಯಲ್, ಲೀಸ್ ಮೇಯರ್ ಎಂಬ ಮೂವರು ಇದನ್ನು ಬರೆದರು. ನಾಲ್ವರು ವಿದ್ಯಾರ್ಥಿಗಳು ಕೊಳಕಾದ ಒಂದು ಬಾಡಿಗೆಮನೆಯಲ್ಲಿ ವಾಸಿಸುವರೆಂಬುದನ್ನು ಬಿಟ್ಟರೆ ಇದರಲ್ಲಿ ಇತಿವೃತ್ತವೆಂಬುದು ಹೆಚ್ಚಾಗಿಲ್ಲ. ಮೊದಲನೆಯ ಕಂತಿನ ಕೊನೆಯಲ್ಲಿಯೇ ಆ ಮನೆಯ ಮೇಲೆ ವಿಮಾನವೊಂದು ಬಿದ್ದು ಎಲ್ಲವೂ ನಾಶವಾಗುತ್ತದೆ. ಎರಡನೆಯ ಕಂತಿನಲ್ಲಿ ಅದೇ ನಾಲ್ವರು, ಏನೂ ಆಗದವರಂತೆ, ಅಷ್ಟೇ ಕೊಳಕಾದ ಮತ್ತೊಂದು ಮನೆಗೆ ಸಾಮಾನು ಸಾಗಿಸುತ್ತಾರೆ. ಪ್ರಕಾರದ ಧರ್ಮವನ್ನು ಮುರಿದು, ಮುರಿದ ಮರುಗಳಿಗೆಯಲ್ಲಿಯೇ ಅದಕ್ಕೆ ತಲೆಬಾಗಿದ ಹಾಗಾಯಿತು.

ಇದೇ ವಾಹಿನಿಯಲ್ಲಿ ಇದಕ್ಕಿಂತ ಮೊದಲು, 1975 ಮತ್ತು 1979ರಲ್ಲಿ, ಜಾನ್ ಕ್ಲೀಸ್ ಮತ್ತು ಕಾನಿ ಬೂತ್ ಬರೆದ ‘ಫಾಲ್ಟಿ ಟವರ್ಸ್’ ಬಂದಿತ್ತು. ಅದೂ 12 ಕಂತುಗಳದ್ದೇ. ಅದರಲ್ಲಿ ಒಂದು ಸುಳ್ಳು ಇನ್ನೊಂದು ಸುಳ್ಳನ್ನು ಹಡೆದು, ಕೊನೆಗೆ ಹೋಟೆಲಿನ ಯಜಮಾನನು ತಾನೇ ನೆಯ್ದ ಬಲೆಯಲ್ಲಿ ಸಿಕ್ಕಿಕೊಳ್ಳುವನು. ಕಾರ್ಯಕಾರಣಸಂಬಂಧವು ಎಲ್ಲಿಯೂ ಸಡಿಲವಾಗದು. ಪಂಡಿತರು ಅದನ್ನು ಮೆಚ್ಚುವುದು ಸಹಜ. ‘ಯಂಗ್ ಒನ್ಸ್’ನಲ್ಲಿ ಅಂಥ ಸಂಬಂಧವನ್ನು ಹುಡುಕುವವನು ಬೇಸತ್ತು ಹೋಗುವನು. ಇಲ್ಲಿರುವ ಕಟ್ಟು ಘಟನೆಗಳದಲ್ಲ, ಸ್ವಭಾವಗಳದು. ರಿಕ್ಕನು ತನ್ನನ್ನು ಕವಿಯೆಂದೂ ಅರಾಜಕವಾದಿಯೆಂದೂ ಕರೆದುಕೊಳ್ಳುವ ಜಂಬಗಾರ. ವಿವಿಯನ್ನನು ಹಣೆಗೆ ಲೋಹದ ನಕ್ಷತ್ರಗಳನ್ನು ಹೊಡೆದುಕೊಂಡ ವೈದ್ಯವಿದ್ಯಾರ್ಥಿ. ಕಂಡುದನ್ನೆಲ್ಲ ಒಡೆಯುವುದೇ ಅವನ ವಿದ್ಯಾಭ್ಯಾಸ. ನೀಲನು ಶಾಂತಿವಾದಿಯಾದ ಹಿಪ್ಪಿ, ಮನೆಗೆಲ್ಲ ಬೇಳೆ ಬೇಯಿಸಿ ಬಡಿಸಿ ಬೈಗುಳ ತಿನ್ನುವವನು. ಮೈಕನು ಕುಳ್ಳನಾದರೂ ಮುಖಂಡ, ಎಲ್ಲದರಲ್ಲಿಯೂ ಲಾಭ ನೋಡುವವನು. ಜಗತ್ತು ತಲೆಕೆಳಗಾದರೂ ಈ ನಾಲ್ಕು ಪ್ರಕೃತಿಗಳು ಕೂದಲೆಳೆಯಷ್ಟೂ ಮಾರ್ಪಡುವುದಿಲ್ಲ.

‘ಬಾಂಬ್’ ಎಂಬ ಕಂತನ್ನು ನೋಡಿರಿ. ಸಿಡಿಯದ ಅಣುಬಾಂಬೊಂದು ಮನೆಯ ಛಾವಣಿಯನ್ನು ತೂರಿಕೊಂಡು ಬಂದು ಅಡಿಗೆಮನೆಯಲ್ಲಿ ನಿಂತಿದೆ. ರಿಕ್ಕನಿಗೆ ಇದರಿಂದ ಸರಕಾರವನ್ನು ಬೆದರಿಸುವ ಹುಮ್ಮಸ್ಸು. ಮೈಕನಿಗೆ ಮಾರಿ ಹಣಮಾಡುವ ಯೋಚನೆ. ವಿವಿಯನ್ನನಿಗೆ ಹೇಗಾದರೂ ಅದನ್ನು ಸಿಡಿಸಬೇಕೆಂಬ ಚಪಲ. ನೀಲನು ಮಾತ್ರ ಸರಕಾರದ ಪುಸ್ತಿಕೆಯನ್ನು ನಂಬಿ ಆತ್ಮರಕ್ಷಣೆಗೆ ತೊಡಗಿ, ಮೈಗೆಲ್ಲ ಬಿಳಿಯ ಬಣ್ಣ ಬಳಿದುಕೊಳ್ಳುವನು. ಇದು ಶುದ್ಧ ಪೆದ್ದುತನವೆಂದು ತೋರಬಹುದು. ಆದರೆ ಬ್ರಿಟಿಷ್ ಸರಕಾರವು 1980ರಲ್ಲಿ ನಿಜವಾಗಿಯೂ ಅಂಥದೊಂದು ಪುಸ್ತಿಕೆಯನ್ನು ಹೊರಡಿಸಿತ್ತು. ಅಣುಸ್ಫೋಟದ ತಾಪವು ಪ್ರತಿಫಲಿಸಿ ಹಿಂದಕ್ಕೆ ಹೋಗುವಂತೆ ಕಿಟಕಿಯ ಗಾಜುಗಳಿಗೆ ತಿಳಿಬಣ್ಣ ಬಳಿಯಬೇಕೆಂದು ಅದರಲ್ಲಿ ಗೃಹಸ್ಥರಿಗೆ ಉಪದೇಶವಿತ್ತು. ಕಿಟಕಿಗೆ ಸಲ್ಲುವುದು ಮೈಗೇಕೆ ಸಲ್ಲಬಾರದು? ನೀಲನು ಮಾಡಿದ್ದು ಅತಿದೇಶವೇ ಹೊರತು ಬೇರೆಯಲ್ಲ. ಪುಸ್ತಿಕೆಯ ತರ್ಕವನ್ನು ಒಂದು ಹೆಜ್ಜೆ ಮುಂದಕ್ಕೆ ನಡೆಸಿದ್ದರಿಂದ ಹುಚ್ಚು ಎಲ್ಲಿತ್ತೆಂಬುದು ಬಯಲಾಯಿತು. ಅದೇ ಕಂತಿನಲ್ಲಿ ದೂರದರ್ಶನದ ಪರವಾನಗಿಯನ್ನು ಪರೀಕ್ಷಿಸುವ ಅಧಿಕಾರಿ ಬಾಗಿಲಿಗೆ ಬರಲು, ವಿವಿಯನ್ನನು ಸಾಕ್ಷ್ಯವನ್ನು ಮರೆಮಾಡುವುದಕ್ಕಾಗಿ ಪೆಟ್ಟಿಗೆಯನ್ನೇ ತಿಂದುಬಿಡುವನು. ಪ್ರಳಯವು ಅಡಿಗೆಮನೆಯಲ್ಲಿ ಕುಳಿತಿರುವಾಗ ಇವರನ್ನು ನಡುಗಿಸಿದ್ದು ಶುಲ್ಕ ವಸೂಲಿಯವನು!

ಅನೌಚಿತ್ಯದಿಂದ ರಸವು ಆಭಾಸವಾಗಿ ಆ ಆಭಾಸವೇ ಹಾಸ್ಯಕ್ಕೆ ಕಾರಣವಾಗುವುದೆಂಬುದು ಅಭಿನವಗುಪ್ತನ ಮತ. ಔಚಿತ್ಯವನ್ನು ಬಲ್ಲವನಿಗೇ ಅನೌಚಿತ್ಯವು ಕಾಣಿಸತಕ್ಕದ್ದು; ಆದುದರಿಂದ ಅರಾಜಕಹಾಸ್ಯಕ್ಕೆ ಮುರಿಯಲು ಒಂದು ಮರ್ಯಾದೆಯು ಕಣ್ಣೆದುರಿಗೆ ಇರಬೇಕು. ಸಂಸ್ಕೃತದ ಪ್ರಹಸನಕಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ‘ಭಗವದಜ್ಜುಕೀಯ’ದಲ್ಲಿ ಯಮದೂತನ ತಪ್ಪಿನಿಂದ ಪರಿವ್ರಾಜಕನ ದೇಹದಲ್ಲಿ ಗಣಿಕೆಯ ಜೀವವೂ, ಗಣಿಕೆಯ ದೇಹದಲ್ಲಿ ಪರಿವ್ರಾಜಕನ ಜೀವವೂ ಸೇರಿಕೊಳ್ಳುವುವು. ಇದಕ್ಕಿಂತ ಅಸಂಬದ್ಧವಾದ ಕಲ್ಪನೆ ಯಾವುದಿದೆ? ಆದರೂ ಸನ್ಯಾಸಿಯು ಸನ್ಯಾಸಿಯಾಗಿಯೇ, ಗಣಿಕೆಯು ಗಣಿಕೆಯಾಗಿಯೇ ಮಾತನಾಡುವುದರಿಂದ ನಗು ಉಕ್ಕುತ್ತದೆ. ಕಂಚಿಯ ಪಲ್ಲವರಾಜನಾದ ಮಹೇಂದ್ರವರ್ಮನು 7ನೆಯ ಶತಮಾನದಲ್ಲಿ ರಚಿಸಿದ ‘ಮತ್ತವಿಲಾಸ’ದಲ್ಲಿ, ಕಪಾಲಪಾತ್ರೆಯನ್ನು ಕಳೆದುಕೊಂಡ ಕುಡುಕ ಕಾಪಾಲಿಕನು ಬೌದ್ಧಭಿಕ್ಷುವನ್ನು ಕಳ್ಳನೆಂದು ಹಿಡಿದು ಶಾಸ್ತ್ರೋಕ್ತವಾಗಿ ವಾದಿಸುವನು, ಪಾತ್ರೆಯನ್ನು ಕದ್ದದ್ದು ನಾಯಿ. ಬೀದಿಯ ಜಗಳಕ್ಕೆ ದರ್ಶನಗಳ ಭಾಷೆಯನ್ನು ತೊಡಿಸಿದ ರಾಜನನ್ನು ಅಧಮಹಾಸ್ಯದವನೆಂದು ಯಾರೂ ಅಂದಂತಿಲ್ಲ.

ಇದೇ ಲಕ್ಷಣವನ್ನು ಹಿಡಿದು ನೋಡಿದರೆ ‘ಯಂಗ್ ಒನ್ಸ್’ ಎಲ್ಲಿ ಸೋಲುವುದೆಂಬುದೂ ಕಾಣುವುದು. ಕಥೆಯನ್ನು ನಿಲ್ಲಿಸಿ ಪ್ರಾಣಿಗಳೂ ತರಕಾರಿಗಳೂ ಮನೆಯ ಸಾಮಾನುಗಳೂ ಬೊಂಬೆಗಳಾಗಿ ಹರಟುವ ತುಣುಕುಗಳು ಹಲವು ಕಂತುಗಳಲ್ಲಿವೆ. ಅವುಗಳಿಗೆ ಪ್ರಕೃತಿಯಿಲ್ಲ, ಮುರಿಯಲು ಮರ್ಯಾದೆಯೂ ಇಲ್ಲ. ಏನು ಬೇಕಾದರೂ ಆಗಬಹುದೆಂದಾದ ಮೇಲೆ ಯಾವುದಾದರೂ ಆಶ್ಚರ್ಯವೆನಿಸುವುದೆಂತು? ವಿವಿಯನ್ನನು ಸಾಕಿದ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗಾದರೆ, ಆಗ ಕಠಿಣ ಟೀಕೆಗೆ ಗುರಿಯಾಗಿದ್ದ ಲಂಡನ್ ಪೊಲೀಸರ ವಿಶೇಷ ದಳದ ಹೆಸರನ್ನಿಟ್ಟಿರುವುದರಿಂದ ಒಂದು ಮೊನೆಯಿದೆ. ಉಳಿದವು ಬರಿಯ ಕಾಲಹರಣ. ನೀಲನ ತಲೆಯ ಮೇಲೆ ಬೀಳುವ ಪೆಟ್ಟುಗಳೂ ಹತ್ತನೆಯ ಸಲಕ್ಕೆ ನೀರಸವಾಗುವುವು. ಹೆಂಗಸರಿಗಂತೂ ಆ ಮನೆಯಲ್ಲಿ ಬಂದುಹೋಗುವ ಅತಿಥಿಯ ಪಾತ್ರಕ್ಕಿಂತ ಹೆಚ್ಚಿಲ್ಲ. ಲೇಖಕರಲ್ಲಿ ಒಬ್ಬಳು ಹೆಂಗಸಾಗಿದ್ದೂ ಹೀಗಾದುದು ವಿಚಿತ್ರ.

ಸಂಗೀತದ ಮಾತು ಬೇರೆ. ಬಹುಮಟ್ಟಿಗೆ ಪ್ರತಿಯೊಂದು ಕಂತಿನಲ್ಲಿಯೂ ಒಂದು ವಾದ್ಯವೃಂದವು ಕಾರಣವಿಲ್ಲದೆ ಬಂದು ಹಾಡಿ ಹೋಗುತ್ತದೆ. ಹಾಡು ಸೇರಿದರೆ ಅದು ಪ್ರಹಸನವಲ್ಲ, ವಿವಿಧವಿನೋದಾವಳಿ ಎಂದು ಸಂಸ್ಥೆಯ ಲೆಕ್ಕದಲ್ಲಿ ಎಣಿಕೆಯಾಗಿ ಹೆಚ್ಚು ಹಣ ದೊರೆಯುತ್ತಿತ್ತು. ರೂಪಕದ ಲಕ್ಷಣವನ್ನು ಲಾಕ್ಷಣಿಕನಿಗಿಂತ ಗುಮಾಸ್ತನು ನಿರ್ಣಯಿಸಿದ ಉದಾಹರಣೆಗಳಲ್ಲಿ ಇದೂ ಒಂದು.

ಹಿರಿಯರ ಆಕ್ಷೇಪಕ್ಕೆ ಇನ್ನೊಂದು ಉತ್ತರವು ಈ ಪ್ರಹಸನದೊಳಗೇ ಇದೆ. ರಿಕ್ಕನು ಒಮ್ಮೆ ಕೋಪಗೊಂಡು ತನ್ನ ಪಾರ್ಲಿಮೆಂಟು ಸದಸ್ಯನಿಗೆ ಪತ್ರ ಬರೆಯುವೆನೆನ್ನಲು, ಅರಾಜಕವಾದಿಯಾದ ನಿನಗೆ ಸದಸ್ಯನೆಲ್ಲಿಂದ ಬಂದನೆಂದು ನೀಲನು ಸೌಮ್ಯವಾಗಿ ಕೇಳುವನು. ಅರಾಜಕತೆಯನ್ನು ಕೊಂಡಾಡುವುದೆಂದು ಬೈಸಿಕೊಂಡ ಪ್ರಹಸನವು ಅರಾಜಕವಾದಿಯನ್ನು ಗೇಲಿಮಾಡಿದಷ್ಟು ಮತ್ತಾರನ್ನೂ ಮಾಡಿಲ್ಲ. 1984ರ ಕಂತೊಂದರಲ್ಲಿ ವಿವಿಯನ್ನನು ತಲೆಯನ್ನು ಹೊರಗೆ ಚಾಚಬಾರದೆಂಬ ರೈಲಿನ ಎಚ್ಚರಿಕೆಯನ್ನು ಮೀರಿ ಚಾಚಲು, ಎದುರು ಬಂದ ರೈಲಿಗೆ ಸಿಕ್ಕಿ ತಲೆ ಹಾರಿಹೋಗುತ್ತದೆ. ಮುಂಡವು ಇಳಿದು ಬಂದು, ಬೈಯುತ್ತಿರುವ ತಲೆಯನ್ನು ಹಳಿಯುದ್ದಕ್ಕೂ ಒದೆಯುತ್ತ ಹೋಗುತ್ತದೆ. ದೃಶ್ಯವು ಬೀಭತ್ಸ, ಆದರೆ ರೈಲ್ವೆಯವರ ಎಚ್ಚರಿಕೆಯು ಅಕ್ಷರಶಃ ನಿಜವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಅದೇ ವರುಷದ ಇನ್ನೊಂದರಲ್ಲಿ, ‘ದಿ ಗುಡ್ ಲೈಫ್’ ಎಂಬ ಹಳೆಯ ಜನಪ್ರಿಯ ಗೃಹಪ್ರಹಸನದ ಹೂವು ಹಕ್ಕಿಗಳ ಶೀರ್ಷಿಕೆಯು ಮೂಡಿ ಬರುತ್ತಿರುವಾಗ ವಿವಿಯನ್ನನು ಅದನ್ನು ಹರಿದುಕೊಂಡು ನುಗ್ಗಿ, ಅದರ ನಯನಾಜೂಕನ್ನು ಬಾಯಿಗೆ ಬಂದಂತೆ ಹಳಿಯುವನು. ಆ ಹಳೆಯ ಮನೆಯ ಅಚ್ಚುಕಟ್ಟು ಪ್ರೇಕ್ಷಕರ ಮನಸ್ಸಿನಲ್ಲಿ ಬೇರೂರಿದ್ದುದರಿಂದಲೇ ಹರಿದುದಕ್ಕೆ ಬೆಲೆ ಬಂತು.

ಕಡೆಯ ಕಂತಿನಲ್ಲಿ ನಾಲ್ವರೂ ಮನೆಯನ್ನು ಕಳೆದುಕೊಂಡು, ಬ್ಯಾಂಕನ್ನು ದೋಚಿ, ಎರಡಂತಸ್ತಿನ ಬಸ್ಸಿನಲ್ಲಿ ಪಲಾಯನ ಮಾಡುವರು. ಪ್ರಹಸನದ ಹೆಸರು ಗಾಯಕ ಕ್ಲಿಫ್ ರಿಚರ್ಡನ 1961ರ ಚಿತ್ರದ್ದು. ರಿಕ್ಕನು ಅವನ ಪರಮಭಕ್ತ. ಬಸ್ಸು ಆ ಗಾಯಕನ ಚಿತ್ರವಿದ್ದ ದೊಡ್ಡ ಫಲಕವನ್ನು ಭೇದಿಸಿಕೊಂಡು ಪ್ರಪಾತದ ಅಂಚನ್ನು ದಾಟುವುದು. ‘ಕ್ಲಿಫ್’ ಎಂಬುದಕ್ಕೆ ಆ ಭಾಷೆಯಲ್ಲಿ ಕಡಿದಾದ ಬಂಡೆಯ ಅಂಚೆಂದೂ ಅರ್ಥವಿರುವುದರಿಂದ ಇದು ಸಭಂಗವಲ್ಲದಿದ್ದರೂ ನಿರ್ದುಷ್ಟವಾದ ಶ್ಲೇಷ. ಕನ್ನಡದ ಪ್ರೇಕ್ಷಕನಿಗೆ ಇದನ್ನು ವಿವರಿಸದೆ ತಿಳಿಯದು, ವಿವರಿಸಿದರೆ ನಗು ಬಾರದು. ಬಸ್ಸು ಕೆಳಗೆ ಬಿದ್ದ ಮೇಲೂ ನಾಲ್ವರು ಬದುಕಿದೆವೆಂದು ಉಸಿರುಬಿಡುವಷ್ಟರಲ್ಲಿ ಅದು ಸಿಡಿದುಹೋಗುತ್ತದೆ. ಆ ಸಲ ಸಾಮಾನು ಸಾಗಿಸಲು ಯಾರೂ ಉಳಿದಿರಲಿಲ್ಲ.